ಸಿಟ್ಟು ಇಳಿಯುವ ತನಕ ಕಾಯಬೇಡ

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ನಂಬಿದ ಗೆಳತಿಯೇ ನಿನ್ನ ಗುಟ್ಟನ್ನು ಹತ್ತು ಜನರ ಮುಂದೆ ಆಡಿದ್ದಾಳೆ. ಸಾಲದ್ದಕ್ಕೆ ನೀನು ಎದುರಾದಾಗ ಏನೂ ಆಗದವಳ ಹಾಗೆ ನಗುತ್ತಾಳೆ. ನಿನಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನಿಲ್ಲ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ಇಂಥ ಮನಸ್ಸು ಇಟ್ಟುಕೊಂಡು ಮೊಣಕಾಲೂರಲು ಆಗುತ್ತಿಲ್ಲ, ಸಿಟ್ಟು ಇಳಿದ ಮೇಲೆ ಪ್ರಾರ್ಥಿಸುತ್ತೇನೆ" ಅಂತ, ಆ ಮಾತಿಗೆ ಮಾತ್ರ ನನ್ನ ತಕರಾರಿದೆ.

ಬೈಬಲಿನಲ್ಲಿರುವ ಪ್ರಾರ್ಥನೆಯ ಹಾಡುಗಳಾದ ಕೀರ್ತನೆಗಳನ್ನು ಬರೆದವರು ಹಾಗೆ ಕಾಯಲಿಲ್ಲ. ಇರುವ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಗೋಳು, ಇಲ್ಲವೇ ದೂರು. ನಾವು ಬಾಯಿಪಾಠ ಮಾಡುವುದು ಭರವಸೆ ತುಂಬುವ 23, 91, 121ನೇ ಕೀರ್ತನೆಗಳನ್ನು. ಅವು ಚೆನ್ನಾಗಿಯೇ ಇವೆ. ಆದರೆ ಅವನ್ನಷ್ಟೇ ಕೇಳಿ ಬೆಳೆದವರಿಗೆ ದೇವರ ಮುಂದೆ ತಣ್ಣಗೆ, ಮೆಲ್ಲಗೆ ಮಾತಾಡಬೇಕು ಅನ್ನಿಸಿಬಿಡುತ್ತದೆ. ಉಳಿದದ್ದನ್ನೆಲ್ಲ ಒಳಗೇ ನುಂಗುತ್ತಾರೆ. ನುಂಗಿದರೆ ಏನಾಗುತ್ತದೆ ಅನ್ನುವುದು 39ನೇ ಕೀರ್ತನೆಯಲ್ಲಿದೆ. ಮೂಕನ ಹಾಗೆ ಸುಮ್ಮನಿದ್ದೆ, ನೋವು ಇನ್ನೂ ಜಾಸ್ತಿಯಾಯಿತು, ಒಳಗೊಳಗೇ ಎದೆ ಕಾದು ಬೆಂಕಿ ಹತ್ತಿತು ಅನ್ನುತ್ತಾನೆ. ಆಮೇಲೆ ಬಾಯಿ ಬಿಡುತ್ತಾನೆ, ಅದೂ ದೇವರ ಹತ್ತಿರ.

ನಿನಗೆ ಈಗ ಬೇಕಾಗಿರುವುದು 55ನೇ ಕೀರ್ತನೆ. ರಾಜ ದಾವೀದನ ಹೆಸರಿನಲ್ಲಿದೆ. ನಿನ್ನ ಸಂಗತಿಯನ್ನೇ ಯಾರೋ ಕೇಳಿಸಿಕೊಂಡು ಬರೆದ ಹಾಗಿದೆ. ಹಗೆಯವನು ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ಅಡಗಿಕೊಂಡಾದರೂ ಇರುತ್ತಿದ್ದೆ, ಆದರೆ ಹೀಗೆ ಮಾಡಿದವನು ನೀನು, ನನ್ನ ಗೆಳೆಯ, ಇಬ್ಬರೂ ಜೊತೆಯಲ್ಲೇ ದೇವರ ಮನೆಗೆ ಹೋಗುತ್ತಿದ್ದವರಲ್ಲವೇ ಅನ್ನುತ್ತಾನೆ. ಪ್ರಾರ್ಥನೆಯ ಮಧ್ಯದಲ್ಲಿ ಆ ಗೆಳೆಯನ ಕಡೆಗೇ ತಿರುಗಿ "ನೀನು" ಅನ್ನುವುದನ್ನು ನೋಡು. ಅವನು ಅಲ್ಲಿಲ್ಲ. ಕೇಳಿಸಿಕೊಳ್ಳುತ್ತಿರುವವನು ದೇವರು. ಮರುಕ್ಷಣವೇ ಅಂಥವರಿಗೆ ತಟ್ಟನೆ ಸಾವು ಬರಲಿ, ಜೀವಸಹಿತ ಪಾತಾಳಕ್ಕೆ ಇಳಿದುಹೋಗಲಿ ಅನ್ನುತ್ತಾನೆ. ಆಮೇಲೆ ಮತ್ತೆ ಗೆಳೆಯನ ನೆನಪು. ಅವನ ಮಾತು ಬೆಣ್ಣೆಗಿಂತ ನುಣುಪು, ಎದೆಯಲ್ಲಿ ಮಾತ್ರ ಕಾಳಗ.

ಇದೇ ಕೀರ್ತನೆಯ 22ನೇ ವಚನ ನಿನಗೂ ಗೊತ್ತು. ನಿನ್ನ ಚಿಂತಾಭಾರವನ್ನು ಯೆಹೋವನ ಮೇಲೆ ಹಾಕು ಅನ್ನುವ ವಚನ. ಕ್ಯಾಲೆಂಡರ್‌ನಲ್ಲಿ, ಗೋಡೆಯ ಮೇಲೆ ಎಲ್ಲ ಕಡೆ ಇರುತ್ತದೆ. ಅದರ ಮುಂದಿನ ವಚನವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಅಲ್ಲಿ ಅವನಿಗೆ ಮತ್ತೆ ಸಿಟ್ಟು ಬಂದಿದೆ, ಆ ಮೋಸಗಾರರು ಅರ್ಧ ಆಯುಸ್ಸೂ ಬದುಕುವುದಿಲ್ಲ ಅನ್ನುತ್ತಾನೆ. ಕೊನೆಯ ಮಾತು, "ನಾನಂತೂ ನಿನ್ನನ್ನೇ ನಂಬಿದ್ದೇನೆ." ಅಂದರೆ ಭಾರ ಹಾಕಿದ ಮೇಲೂ ಸಿಟ್ಟು ಇತ್ತು. ಹಾಕಿದ ಭಾರದಲ್ಲಿ ಸಿಟ್ಟೂ ಸೇರಿತ್ತು ಅಂತಲೇ ನಾನು ಓದುತ್ತೇನೆ.

58ನೇ ಕೀರ್ತನೆ ಇನ್ನೂ ಜೋರು. ದೇವರೇ, ಅವರ ಬಾಯಲ್ಲಿರುವ ಹಲ್ಲು ಮುರಿದುಹಾಕು ಅನ್ನುತ್ತದೆ. ಹಲ್ಲು ಮುರಿಯುವ ಕೆಲಸವನ್ನು ಅವನು ಯಾರಿಗೆ ವಹಿಸುತ್ತಿದ್ದಾನೆ ನೋಡು. ತಾನು ಕೈ ಎತ್ತಿಲ್ಲ. ಮುಯ್ಯಿ ತೀರಿಸುವುದು ದೇವರ ಕೆಲಸ ಅಂತ ಯೇಸುವಿನ ಸಂದೇಶ ಸಾರಿದ ಪೌಲನು ರೋಮಾಪುರದವರಿಗೆ ಬರೆದದ್ದೂ ಇದನ್ನೇ. ಬಾಬೆಲಿನವರ ಎಳೆಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅಂತ 137ನೇ ಕೀರ್ತನೆ ಆಡುವ ಮಾತು ನನಗೆ ಇವತ್ತಿಗೂ ಕಷ್ಟವೇ. ಕ್ರಿ.ಪೂ. 586ರ ಸುಮಾರಿಗೆ ಆ ಬಾಬೆಲಿನವರ ಕೈಯಲ್ಲೇ ತಮ್ಮ ಊರು ಯೆರೂಸಲೇಮ್ ಸುಟ್ಟು, ದೇವಾಲಯ ಬಿದ್ದು, ಸೆರೆಯಾಗಿ ಹೋದವರ ಬಾಯಿಂದ ಬಂದ ಮಾತದು. ಅದನ್ನು ಸಿಹಿ ಮಾಡಲು ಹೋಗುವವರನ್ನು ಕಂಡರೆ ನನಗಾಗದು. 1971ರಲ್ಲಿ ಕಥೋಲಿಕರ ದೈನಂದಿನ ಪ್ರಾರ್ಥನಾ ಕ್ರಮ ಹೊಸದಾಗಿ ಬಂದಾಗ 58, 83, 109 ಈ ಮೂರನ್ನೂ, ಬೇರೆ ಕೆಲವು ಕೀರ್ತನೆಗಳ ಕಟು ವಚನಗಳನ್ನೂ ಬಿಟ್ಟರು. ಎಲ್ಲರೂ ಸೇರಿ ಹೇಳುವ ಪ್ರಾರ್ಥನೆಗೆ ಅದು ಸರಿಯಿರಬಹುದು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಅವು ಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಒಬ್ಬಳೇ ಇರುವಾಗ 55ನ್ನು ಗಟ್ಟಿಯಾಗಿ ಓದು. ಗೆಳೆಯ ಅಂತ ಬಂದಲ್ಲಿ ಅವಳ ಹೆಸರು ಹೇಳು. ದೇವರಿಗೆ ಹೇಗೂ ಗೊತ್ತಿರುವ ಹೆಸರೇ, ಅಲ್ವಾ? ಅವಳಿಗೆ ಮೆಸೇಜ್ ಕಳಿಸಬೇಕು ಅಂತ ಕೈ ಫೋನಿನ ಕಡೆ ಹೋಗುವುದಕ್ಕೆ ಮುಂಚೆ ಓದು. ಹಾಗಂತ ಕೀರ್ತನೆಯ ವಚನವನ್ನು ಸ್ಟೇಟಸ್‌ಗೆ ಹಾಕಿ ಅವಳಿಗೆ ಚುಚ್ಚಬೇಡ. ಅದು ಪ್ರಾರ್ಥನೆ ಅಲ್ಲ, ಬೈಬಲ್ ಮರೆಯಲ್ಲಿ ನಿಂತು ಕಲ್ಲು ಹೊಡೆಯುವುದು. ಇನ್ನು, ಅವಳು ಹೇಳಿದ್ದರಲ್ಲಿ ಸುಳ್ಳಿದ್ದರೆ ಅದು ಸುಳ್ಳು ಅಂತ ಕೇಳಿದವರಿಗೆ ತಿಳಿಸು. ಪ್ರಾರ್ಥಿಸಿದವಳು ಸಹಿಸಿಕೊಂಡೇ ಇರಬೇಕು ಅಂತ ಯಾವ ಕೀರ್ತನೆಯೂ ಹೇಳಿಲ್ಲ.

ನೀನು ಬರೆಯದಿದ್ದರೂ ಒಂದು ಅನುಮಾನ ನನಗಿದೆ. ದೇವರ ಮೇಲೂ ನಿನಗೆ ಸಿಟ್ಟಿದೆ. ಅದನ್ನೂ ಹೇಳು. "ಸ್ವಾಮೀ, ಎದ್ದೇಳು, ಯಾಕೆ ಮಲಗಿದ್ದೀಯ?" ಅಂತ 44ನೇ ಕೀರ್ತನೆ ನೇರವಾಗಿಯೇ ಕೇಳುತ್ತದೆ. 13ನೆಯದು "ಇನ್ನೆಷ್ಟು ಕಾಲ?" ಅಂತ ನಾಲ್ಕು ಸಲ ಕೇಳುತ್ತದೆ. ಯೇಸು ಶಿಲುಬೆಯ ಮೇಲೆ ಕೂಗಿದ "ಯಾಕೆ ಕೈಬಿಟ್ಟೆ?" ಅನ್ನುವುದು 22ನೇ ಕೀರ್ತನೆಯ ಮೊದಲ ಸಾಲು. ತಪ್ಪು ಮಾಡದೆಯೂ ಕಷ್ಟಕ್ಕೆ ಬಿದ್ದ ಯೋಬನ ಕಥೆ ಬೈಬಲಿನಲ್ಲಿದೆಯಲ್ಲ, ಆ ಪುಸ್ತಕದ ಕೊನೆಯಲ್ಲೂ ದೇವರು ಕೋಪಗೊಂಡದ್ದು ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರ ವಹಿಸಿಕೊಂಡು ಅಚ್ಚುಕಟ್ಟಾಗಿ ಮಾತಾಡಿದ ಅವನ ಸ್ನೇಹಿತರ ಮೇಲೆ.

ಸಿಟ್ಟೇ ರುಚಿಸತೊಡಗಿದರೆ 139ಕ್ಕೆ ಹೋಗು. ಕೊನೆಯ ಭಾಗದಲ್ಲಿ ಅವನು ದುಷ್ಟರನ್ನು ಪೂರ್ತಿಯಾಗಿ ದ್ವೇಷಿಸುತ್ತೇನೆ ಅನ್ನುತ್ತಾನೆ. ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ದೇವರೇ, ನನ್ನನ್ನೂ ಪರೀಕ್ಷಿಸಿ ನೋಡು, ನನ್ನೊಳಗೆ ಕೆಟ್ಟದ್ದು ಇದೆಯೇನೋ ಅನ್ನುತ್ತಾನೆ. ಎರಡನ್ನೂ ಒಟ್ಟಿಗೇ ಓದು, ಮೊದಲ ಅರ್ಧಕ್ಕೆ ನಿಲ್ಲಿಸಬೇಡ.

ಓದಿದ ತಕ್ಷಣ ಮನಸ್ಸು ಹಗುರಾಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. 88ನೇ ಕೀರ್ತನೆ ಕತ್ತಲೆ ಅನ್ನುವ ಮಾತಿಗೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಅದನ್ನೂ ಪ್ರಾರ್ಥನೆ ಅಂತಲೇ ಪುಸ್ತಕದಲ್ಲಿ ಇಟ್ಟುಕೊಂಡು ಬಂದಿದ್ದಾರೆ.

ಕ್ಷಮಿಸಿಬಿಡು ಅಂತ ನಿನ್ನ ಅಮ್ಮ ಹೇಳಿದಳಂತೆ. ನನ್ನ ತಂಗಿ ಹೇಳಿದ್ದು ತಪ್ಪಲ್ಲ, ಸ್ವಲ್ಪ ಬೇಗ ಹೇಳಿದಳು ಅಷ್ಟೆ. ಆ ಮಾತು ನೀನಾಗಿಯೇ ಕೇಳಿದಾಗ ಬರೆಯುತ್ತೇನೆ. ಈಗ 55 ತೆಗೆ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ