ಎರೆಮಣ್ಣು ಎಷ್ಟು ಹೊರುತ್ತದೆ ಎಂದಷ್ಟೇ ಅಲ್ಲ, ಎಷ್ಟು ಏಳುತ್ತದೆ ಎಂದೂ ಕೇಳಿ

ಮಾನ್ಯ ಲೋಕೋಪಯೋಗಿ ಸಚಿವರಿಗೆ ನಮಸ್ಕಾರಗಳು.

ಎರೆಮಣ್ಣಿನ ಮೇಲೆ ಕಟ್ಟಡ ಏಳುವ ಮೊದಲು ಬರುವ ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ: ಮಣ್ಣು ಹೊರಬಲ್ಲ ಭಾರ ಮತ್ತು ಫ್ರೀ ಸ್ವೆಲ್ ಇಂಡೆಕ್ಸ್, ಅಂದರೆ ಪುಡಿ ಮಾಡಿದ ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂಬ ಸೂಚ್ಯಂಕ. ನೆಲ ಎಷ್ಟು ಮಿಲಿಮೀಟರ್ ಏರಿಳಿಯುತ್ತದೆ ಎಂಬುದನ್ನು ಎರಡೂ ಹೇಳುವುದಿಲ್ಲ. ಗೋಡೆ ಸೀಳುವುದು ಆ ಏರಿಳಿತದಿಂದಲೇ. ಒಂದಂತಸ್ತಿನ ಶಾಲೆ, ಕಾಂಪೌಂಡ್ ಗೋಡೆಗಳೇ ಬೇಗ ಬಿರುಕು ಬಿಡುತ್ತವೆ. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ತೂಕ ಅವಕ್ಕಿಲ್ಲ.

ಫ್ರೀ ಸ್ವೆಲ್ ಪರೀಕ್ಷೆಯಲ್ಲಿ 425 ಮೈಕ್ರಾನ್ ಜರಡಿ ಹಿಡಿದ ಒಣ ಪುಡಿಯನ್ನು ತಲಾ 10 ಗ್ರಾಂ, ಮಣ್ಣನ್ನು ಉಬ್ಬಿಸದ ಸೀಮೆಎಣ್ಣೆಗೂ ನೀರಿಗೂ ಹಾಕಿ, ತಳದಲ್ಲಿ ಕೂತ ಮಣ್ಣಿನ ಗಾತ್ರವನ್ನು ಹೋಲಿಸುತ್ತಾರೆ. ಯಾವ ಮಣ್ಣನ್ನು ಅನುಮಾನಿಸಬೇಕೆಂದು ತಿಳಿಯಲು ಅಷ್ಟು ಸಾಕು, ಅಡಿಪಾಯ ವಿನ್ಯಾಸಕ್ಕೆ ಸಾಲದು. ಪುಡಿಗೆ ನೆಲದೊಳಗಿನ ಬಿಗಿಯೂ ಇಲ್ಲ, ಮೇಲಿನ ಭಾರವೂ ಇಲ್ಲ.

ಮನೆಗಳ ಅಡಿಪಾಯಕ್ಕೆಂದಿರುವ ಆಸ್ಟ್ರೇಲಿಯಾದ ಎಎಸ್ 2870 ಮಾನದಂಡದ ಲೆಕ್ಕ ನೋಡಿ. ಕಲಕದೆ ತೆಗೆದ ಮಾದರಿಯ ಒಂದು ತುಂಡು ನೀರು ಕುಡಿದು 2.4% ಉಬ್ಬಿತು, ಪಕ್ಕದ ತುಂಡು ಒಣಗಿ 6% ಕುಗ್ಗಿತು ಎನ್ನೋಣ. ಉಬ್ಬಿನ ಅರ್ಧಕ್ಕೆ ಕುಗ್ಗನ್ನು ಕೂಡಿ 1.8ರಿಂದ ಭಾಗಿಸಿದರೆ ಉಬ್ಬು-ಕುಗ್ಗಿನ ಸೂಚ್ಯಂಕ 4%. ಸಕ್ಷನ್ (ಒಣ ಮಣ್ಣು ನೀರೆಳೆಯುವ ಬಲ; ಇದನ್ನು ಅಳೆಯುವ ಮಾನ ಪಿಎಫ್) ಮೇಲ್ಮೈಯಲ್ಲಿ 1.2 ಪಿಎಫ್‌ನಷ್ಟು ಬದಲಾಗಿ, 2.4 ಮೀಟರ್ ಆಳದಲ್ಲಿ ಆ ಬದಲಾವಣೆ ಸೊನ್ನೆಯಾದರೆ ಸರಾಸರಿ 0.6. ಆಗ ನೆಲದ ಏರಿಳಿತ 2,400 × 0.6 × 0.04, ಅಂದರೆ ಸುಮಾರು 58 ಮಿ.ಮೀ. ಬಿರುಕಿಲ್ಲದ ಆಳದ ಪದರಕ್ಕೆ ಪಕ್ಕಕ್ಕೆ ಸರಿಯಲು ಜಾಗವಿರದೆ ಮೇಲಕ್ಕೇ ತಳ್ಳುವುದರಿಂದ ಅಲ್ಲಿ ಗುಣಕ ಸೇರಿಸಬೇಕು. ಅಂಕಿ ಇನ್ನೂ ಏರುತ್ತದೆ.

ಉಬ್ಬು, ಕುಗ್ಗು ಎರಡನ್ನೂ ಅಳೆಯಲೇಬೇಕು. ಮಳೆಗಾಲದಲ್ಲಿ ತೆಗೆದ ಮಾದರಿ ಆಗಲೇ ನೀರು ಕುಡಿದಿರುತ್ತದೆ. ಪ್ರಯೋಗಾಲಯದಲ್ಲಿ ಉಬ್ಬುವುದಿಲ್ಲ, ವರದಿ 'ಸುರಕ್ಷಿತ' ಎನ್ನುತ್ತದೆ. ಬೇಕೆಂದೇ ಆ ತಿಂಗಳು ಆರಿಸಿಕೊಳ್ಳುವವರಿಗೂ ಇದು ಅನುಕೂಲ!

ಈ ಲೆಕ್ಕ ಹವಾಮಾನದ ಏರಿಳಿತಕ್ಕೆ ಮಾತ್ರ. ಸೋರುವ ಪೈಪು, ಗೋಡೆ ಬುಡಕ್ಕೇ ಸುರಿಯುವ ತಾರಸಿ ನೀರು, ಹತ್ತಿರದ ದೊಡ್ಡ ಮರ ಇದರಲ್ಲಿಲ್ಲ. ಕಟ್ಟಡಕ್ಕೆಂದು ಮರ ಕಡಿದರೆ, ಬೇರು ಒಣಗಿಸಿದ್ದ ಮಣ್ಣು ಮತ್ತೆ ತೇವ ಹೀರುತ್ತಾ ವರ್ಷಗಟ್ಟಲೆ ಏಳಬಹುದು.

ಟೆಂಡರ್ ಷರತ್ತಿಗೆ ಇಷ್ಟು ಸೇರಿಸಿ: ಪದರವಾರು ಕಲಕದ ಮಾದರಿ, ತೇವ ಬದಲಾಗುವ ಆಳ ದಾಟಿದ ಬೋರ್‌ಹೋಲ್, ಇರುವ ಮತ್ತು ಕಡಿದ ಮರಗಳ ನಕ್ಷೆ, ಏರಿಳಿತದ ಅಂದಾಜು ಮಿಲಿಮೀಟರಿನಲ್ಲಿ. ಆ ಅಂಕಿ ಇಲ್ಲದ ಅಡಿಪಾಯ ನಕ್ಷೆಗೆ ಇಲಾಖೆ ಸಹಿ ಹಾಕದಿರಲಿ.

ಇಂತಿ,
ಮಣ್ಣು ಪರೀಕ್ಷೆ ಮತ್ತು ಅಡಿಪಾಯ ವಿನ್ಯಾಸದ ಎಂಜಿನಿಯರುಗಳು