ಲಾರಿ ಹತ್ತಿ ಬಂದ ಮನೆ

ವೈಕಾಟೊ, ನ್ಯೂಜಿಲೆಂಡ್
ಆಗಸ್ಟ್, ಭಾನುವಾರ

ಅಪ್ಪಯ್ಯ, ಅಮ್ಮ,

ಮೊನ್ನೆ "ಮನೇನ ಲಾರಿ ಮೇಲೆ ತಂದ್ರಾ? ತಮಾಷೆ ಮಾಡ್ತಿದೀಯಾ?" ಅಂತ ಅಪ್ಪಯ್ಯ ಕೇಳಿದ್ದೇ ಕೇಳಿದ್ದು, ಲೈನ್ ಕಟ್ಟಾಯ್ತು. ಆಮೇಲೆ ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಮಲೆನಾಡಿನ ಮಳೆಗೂ ಫೋನಿಗೂ ಆಗಿಬರುವುದಿಲ್ಲ, ಹೊಸದೇನಲ್ಲವಲ್ಲ. ಅದಕ್ಕೇ ಬರೆಯಲು ಕೂತೆ.

ತಮಾಷೆಯಲ್ಲ. ಮನೆ ನಿಜವಾಗಿಯೂ ಲಾರಿ ಮೇಲೆ ಬಂತು. ಎರಡು ತುಂಡಾಗಿ, ನಡುರಾತ್ರಿ. ಇಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಆಕ್ಲೆಂಡಿನಲ್ಲಿ ಹಳೆ ಮನೆ ಎಬ್ಬಿಸಿ ಅದೇ ಜಾಗದಲ್ಲಿ ನಾಲ್ಕೈದು ಹೊಸ ಮನೆ ಕಟ್ಟುತ್ತಾರೆ. ಎಬ್ಬಿಸಿದ್ದನ್ನು ಮನೆ ಸಾಗಿಸುವವರು ಕೊಂಡು ತಮ್ಮ ಯಾರ್ಡಿನಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಎಮ್ಮೆ ಕೊಳ್ಳುವವರ ಹಾಗೆ ನಾವೂ ಸುತ್ತು ಬಂದು, ಬಗ್ಗಿ ನೋಡಿ, ತಟ್ಟಿ ನೋಡಿ ಒಂದನ್ನು ಆರಿಸಿದೆವು. 1920ರ ದಶಕದ ಬಂಗಲೆ. ಬಂಗಲೆ ಅಂದ ಕೂಡಲೇ ನಮ್ಮ ಸರ್ಕಾರಿ ಐಬಿ ಬಂಗಲೆಯನ್ನು ನೆನೆಸಿಕೊಳ್ಳಬೇಡಿ. ಮೂರು ಕೋಣೆ, ಒಂದು ಹಾಲ್, ಮುಂದೆ ಸಣ್ಣ ಜಗುಲಿ, ತಗಡಿನ ಮಾಡು.

ಇಲ್ಲಿನ ಹಳೆ ಮನೆಗಳು ಹೆಚ್ಚಾಗಿ ಪೂರ್ತಿ ಮರದವು. ನೆಲಕ್ಕೆ ಕಚ್ಚಿಕೊಂಡಿರುವುದಿಲ್ಲ, ಗಿಡ್ಡ ಗೂಟಗಳ ಮೇಲೆ ಕೂತಿರುತ್ತವೆ, ನಮ್ಮ ಹುಲ್ಲುಗೊಣಬೆ ಅಟ್ಟಣಿಗೆ ಮೇಲೆ ಕೂತ ಹಾಗೆ. ಅಡಿಗೆ ಜಾಕ್ ಕೊಟ್ಟು ಎತ್ತಿ, ಕಬ್ಬಿಣದ ತೊಲೆ ತೂರಿಸಿ, ಟ್ರೇಲರ್ ನುಗ್ಗಿಸುತ್ತಾರೆ. ನಮ್ಮದು ರಸ್ತೆಗೆ ಅಗಲವಾಯಿತು ಅಂತ ಹಾಲ್‌ನ ನಡುವೆ ಗರಗಸ ಹಾಕಿದರು. ಇಟ್ಟಿಗೆಯ ಚಿಮಣಿ ಇತ್ತು, ಅದನ್ನು ಮೊದಲೇ ಒಡೆದರು. ಮನೆಯ ಬೆಲೆ ಕಡಿಮೆಯೇ. ತಂದು, ಕೂರಿಸಿ, ನೆಟ್ಟಗೆ ಮಾಡುವ ಖರ್ಚೇ ಜಾಸ್ತಿ. ಲೆಕ್ಕ ಹೇಳುವುದಿಲ್ಲ, ಅಮ್ಮನ ಬಿಪಿ ಏರುತ್ತೆ.

ಮೇ ತಿಂಗಳ ಒಂದು ರಾತ್ರಿ, ಎರಡು ಗಂಟೆ ಇರಬೇಕು, ಸೈಟಿನ ಗೇಟಿನ ಹತ್ತಿರ ನಡುಗುತ್ತಾ ನಿಂತಿದ್ದೆವು. ಮೊದಲು ಹಳದಿ ದೀಪ ಮಿನುಗಿಸುತ್ತಾ ಒಂದು ಗಾಡಿ ಬಂತು. ಅದರ ಹಿಂದೆ ಕತ್ತಲಿನೊಳಗಿಂದ ಅರ್ಧ ಮನೆ. ಹಿಂದಿನವರು ಒಂದು ಕಿಟಕಿಯ ಪರದೆ ತೆಗೆದಿರಲಿಲ್ಲ. ಅದು ಪಟಪಟ ಹಾರುತ್ತಿತ್ತು, ಒಳಗೆ ಯಾರೋ ಇದ್ದಾರೇನೋ ಅನ್ನುವ ಹಾಗೆ. ಪುಟ್ಟಿ ನನ್ನ ಕೈ ಬಿಡಲೇ ಇಲ್ಲ. ಅಮ್ಮ ಹೇಳಿದ್ದೆಯಲ್ಲ ಅಂತ ಗೇಟು ದಾಟುವ ಮೊದಲು ಚಕ್ರದಡಿ ನಿಂಬೆಹಣ್ಣು ಇಟ್ಟೆ. ಡ್ರೈವರ್ ಇಳಿದು ಬಂದು ಟಾರ್ಚ್ ಬಿಟ್ಟು ನೋಡಿ, ಏನೂ ಕೇಳದೆ ಹತ್ತಿ ಹೋದ. ಹದಿನೈದು ಮಾರು ಹೋಗಿಲ್ಲ, ಹಿಂದಿನ ಚಕ್ರ ಕೆಸರಿನಲ್ಲಿ ಹೂತಿತು. ಬೆಳಗ್ಗೆ ಪಕ್ಕದ ಹಾಲಿನ ಫಾರಂನವರು ಟ್ರಾಕ್ಟರ್ ತಂದು ಎಳೆದರು. ನಿಂಬೆಹಣ್ಣಿನ ಮೇಲೆ ಇವರಿಗೆ ಆವತ್ತಿನಿಂದ ಗೌರವ ಕಡಿಮೆ.

ಅಮ್ಮ, ಲಾರಿ ಮೇಲಿರುವ ಮನೆಯಲ್ಲಿ ಒಂದು ಅನುಕೂಲ ಇದೆ. ಮುಖ ಎತ್ತ ಬೇಕೋ ಅತ್ತ ತಿರುಗಿಸಬಹುದು! ಇಲ್ಲಿ ಬಿಸಿಲು ಬೀಳುವುದು ಉತ್ತರದಿಂದ. ಹಾಗಾಗಿ ಹಾಲ್‌ನ ಕಿಟಕಿ ಉತ್ತರಕ್ಕೆ, ನಿನ್ನ ಮಾತಿನಂತೆ ಬಾಗಿಲು ಪೂರ್ವಕ್ಕೆ.

ಹತ್ತು ದಿನದ ಕೆಲಸ ಅಂದವರು ಎಂಟು ವಾರ ಮಾಡಿದರು. ಅಷ್ಟು ದಿನ ಮನೆ ಮರದ ದಿಮ್ಮಿಗಳ ಮೇಲೆ ಸುಮ್ನೆ ನಿಂತಿತ್ತು. ಕೊನೆಗೂ ಅಡಿಯಲ್ಲಿ ಗುಂಡಿ ತೋಡಿ, ಗೂಟ ನಿಲ್ಲಿಸಿ, ಕಾಂಕ್ರೀಟ್ ಹಾಕಿ ಇಳಿಸಿದರು. ಹೊರಗಿನ ಕೆಲಸ ಮುಗಿಯುವ ತನಕ ಇಲ್ಲಿನ ಪಂಚಾಯಿತಿಯಂಥ ಕೌನ್ಸಿಲ್‌ನವರು ನಮ್ಮದೊಂದು ಠೇವಣಿ ಹಿಡಿದುಕೊಂಡಿದ್ದಾರೆ.

ಒಳಗಿನ ಕೆಲಸ ಈಗ ನಡೆಯುತ್ತಿದೆ. ಗೋಡೆಯ ಕಾಗದ ಕಿತ್ತರೆ ಅದರಡಿ ಇನ್ನೊಂದು, ಮತ್ತೊಂದು. ಎಲ್ಲದರಡಿ ಏನಿತ್ತು ಗೊತ್ತಾ? ಗೋಣಿತಾಟು! ಹಲಗೆ ಮೇಲೆ ಗೋಣಿ ಬಿಗಿದು ಮೊಳೆ ಹೊಡೆದು, ಅದರ ಮೇಲೆ ಕಾಗದ ಅಂಟಿಸುವುದು ಆಗಿನ ಪದ್ಧತಿ. ಬೆಂಕಿ ಬೇಗ ಹತ್ತುತ್ತೆ ಅಂತ ಎಲ್ಲ ತೆಗೆಸಿದೆವು. ನೂರು ವರ್ಷದ ಧೂಳು ಮೂಗಿಗೆ ಹತ್ತಿದಾಗ ಥೇಟ್ ನಮ್ಮ ಅಡಿಕೆ ಮೂಟೆಯ ವಾಸನೆ. ಕಿಟಕಿಗಳು ಮೇಲೆ ಕೆಳಗೆ ಜಾರುವಂಥವು. ಚೌಕಟ್ಟಿನೊಳಗೆ ಬಾವಿಯ ಗಡಗಡೆಯಂಥದೇ ಪುಟ್ಟ ರಾಟೆ, ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಗುಂಡು. ಹಗ್ಗ ಎಲ್ಲ ಕುಂಬಾಗಿತ್ತು. ಹೊಸದನ್ನು ಪೋಣಿಸಲು ನಾನೇ ಕಲಿತೆ, ಈಗ ಒಂದು ಕಿಟಕಿಗೆ ಅರ್ಧ ಗಂಟೆ ಸಾಕು.

ಕೊಯ್ದ ಹಾಲ್ ಅನ್ನು ಮತ್ತೆ ಜೋಡಿಸಿದ್ದೂ ಆಯಿತು. ನೆಲ ಮಟಾಯಿ ಅನ್ನುವ ಇಲ್ಲಿನ ಮರದ ಹಲಗೆ, ತುಪ್ಪದಲ್ಲಿ ಹುರಿದ ಬಣ್ಣ. ಗರಗಸದ ಗುರುತು ಇನ್ನೂ ಕಾಣುತ್ತೆ. ಅಡುಗೆಮನೆಯಲ್ಲಿ ಉರುಳಿದ ನಿಂಬೆಹಣ್ಣು ಅಲ್ಲಿಗೆ ಬಂದೇ ನಿಲ್ಲುತ್ತೆ. ಇನ್ನೊಂದು ಸಲ ಮಟ್ಟ ನೋಡಿಸಬೇಕು.

ಆ ಜಾಗದ ಹಲಗೆ ಕಿತ್ತಾಗ ಬಡಗಿ ಒಂದೊಂದರ ಬೆನ್ನಿಗೂ ಪೆನ್ಸಿಲ್‌ನಲ್ಲಿ ನಂಬರ್ ಹಾಕಿದ್ದ. ಅದು ನೋಡುತ್ತಲೇ ನನಗೆ ನಮ್ಮ ಅಟ್ಟ ನೆನಪಾಯಿತು. ತೊಲೆಗಳ ಮೇಲೆ ಉಳಿಯಿಂದ ಕೊರೆದ ಗೀಟುಗಳಿವೆಯಲ್ಲ, ಒಂದಕ್ಕೆ ಮೂರು, ಒಂದಕ್ಕೆ ಐದು. ಅದು ಇಲಿ ಕಡಿದದ್ದು ಅಂತ ಅಣ್ಣ ನನ್ನನ್ನು ನಂಬಿಸಿದ್ದ. ನಾನು ಇಷ್ಟು ವರ್ಷ ಆ ಬಗ್ಗೆ ಯೋಚಿಸಿಯೇ ಇರಲಿಲ್ಲ! ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಅಜ್ಜಯ್ಯ ಮನೆ ಬಿಚ್ಚಿ, ತೊಲೆ, ಕಂಬ, ಬಾಗಿಲು ಎಲ್ಲ ಗಾಡಿಗೆ ಹೇರಿಕೊಂಡು ಬಂದರು ಅಂತ ಅಪ್ಪಯ್ಯ ಹೇಳುವಾಗ ನಾವು ಊಟದ ಮಧ್ಯೆ ಹೂಂ ಹೂಂ ಅಂದದ್ದಷ್ಟೇ. ಅಪ್ಪಯ್ಯ, ಆಗ ನೀವು ಎಷ್ಟನೇ ಕ್ಲಾಸು? ಗಾಡಿ ಮೇಲೆ ಕೂತು ಬಂದಿರಾ, ನಡೆದು ಬಂದಿರಾ? ಲಾರಿಯಲ್ಲಿ ಮನೆ ತಂದದ್ದಕ್ಕೆ ನೀವು ನಗಬಾರದಿತ್ತು.

ದೀಪಾವಳಿಗೆ ಮೊದಲು ಬಣ್ಣ ಹೊಡೆಸುತ್ತೀರಂತೆ. ಅಟ್ಟದ ತೊಲೆಗಳನ್ನು ಬಿಟ್ಟುಬಿಡಿ. ಅಪ್ಪಯ್ಯ ಏಣಿ ಹತ್ತುವುದು ಬೇಡ, ಅಣ್ಣನ ಮಗನನ್ನು ಹತ್ತಿಸಿ, ಒಂದೊಂದರದೂ ಫೋಟೋ ತೆಗೆಸಿ ಕಳಿಸಿ. ಮೂರು ಗೀಟಿನ ಪಕ್ಕ ನಾಲ್ಕು ಗೀಟಿನದೇ ಇದೆಯಾ, ಇಲ್ಲ ಆಗಿನ ಆಚಾರಿ ಎಲ್ಲಾದರೂ ಅದಲು ಬದಲು ಮಾಡಿದ್ದಾರಾ ನೋಡಬೇಕು.

ನಿಮ್ಮ ಮಗಳು