ಮಾಗಿಯಲ್ಲಿ ಜೀಪಿನ ಫೋರ್‌ವೀಲ್: ಮಣ್ಣಿಗೆ ಬೇಕು, ಡಾಂಬರಿಗೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ಮಾಗಿ ಚಳಿ ಶುರುವಾಗಿ ಬೆಳಗಿನ ಮಂಜು ದಟ್ಟವಾಗುತ್ತಿದ್ದಂತೆ ಮೈಸೂರು, ಮಂಡ್ಯ ಕಡೆ ಹಳೆಯ ಜೀಪು, ಜಿಪ್ಸಿ ಇಟ್ಟುಕೊಂಡವರ ನಡುವೆ ಒಂದು ಸಲಹೆ ಓಡಾಡುತ್ತದೆ: ‘ರೋಡು ಒದ್ದೆ ಇದೆ, ಫೋರ್‌ವೀಲ್ ಹಾಕ್ಕೊಂಡು ಹೋಗಿ, ಗ್ರಿಪ್ ಚೆನ್ನಾಗಿರುತ್ತೆ.’ ಫೋರ್‌ವೀಲ್ ಎಂದರೆ ಎಂಜಿನ್ ಬಲವನ್ನು ನಾಲ್ಕೂ ಚಕ್ರಕ್ಕೆ ಕೊಡುವುದು, ಅದಕ್ಕೊಂದು ಲಿವರ್ ಇರುತ್ತದೆ. ಡಾಂಬರು ರಸ್ತೆಯ ಮಟ್ಟಿಗೆ ಈ ಸಲಹೆ ತಪ್ಪು. ಗಾಡಿಗೂ ಕೇಡು, ತಿರುವಿನಲ್ಲಿ ಓಡಿಸುವವರಿಗೂ ಅಪಾಯ. ಆದರೆ ಅದೇ ಲಿವರನ್ನು ಹಾಕಲೇಬೇಕಾದ ನಾಲೆ ಏರಿಯ ಮೇಲೆ, ಕೊಯ್ಲಾದ ಗದ್ದೆಯ ದಾರಿಯಲ್ಲಿ, ಗಾಡಿ ಹೂತುಕೊಳ್ಳುವ ತನಕ ಹೆಚ್ಚಿನವರು ಮುಟ್ಟುವುದೇ ಇಲ್ಲ. ಈ ಎರಡನ್ನೂ ತಿದ್ದಿಕೊಳ್ಳಬೇಕೆಂಬುದೇ ಈ ಪತ್ರದ ಉದ್ದೇಶ.

ಮಹೀಂದ್ರದ ಹಳೆಯ ಸಿಜೆ, ಎಂಎಂ 540, ಮಾರುತಿ ಜಿಪ್ಸಿ, ಇವುಗಳಲ್ಲಿರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಫೋರ್‌ವೀಲ್. ಲಿವರ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸಿನೊಳಗೆ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಚಕ್ರಗಳ ಕಡೆ ಬಲ ಒಯ್ಯುವ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರು ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಮಣ್ಣಿನಲ್ಲಾದರೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಂಬರಿನಲ್ಲಿ ಟೈರು ಸುಲಭಕ್ಕೆ ಜಾರುವುದಿಲ್ಲ, ಹಾಗಾಗಿ ತಿರುಚು ಶಾಫ್ಟಿನಲ್ಲೇ ಉಳಿಯುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಟೈರು ಕಿರುಗುಟ್ಟುತ್ತದೆ, ಕೊನೆಗೆ ಲಿವರ್ ಹಿಂದಕ್ಕೇ ಬರುವುದಿಲ್ಲ. ಆಗ ಎರಡೂ ಕೈಯಲ್ಲಿ ಜಗ್ಗಿದರೆ ಒಳಗಿನ ಫೋರ್ಕ್ ಬಾಗುತ್ತದೆ. ಜಗ್ಗಬೇಡಿ. ಸ್ಟೀರಿಂಗ್ ನೇರ ಮಾಡಿ ನಾಲ್ಕೈದು ಮೀಟರ್ ರಿವರ್ಸ್ ಹೋಗಿ, ಕ್ಲಚ್ ಒತ್ತಿ ಲಿವರ್ ಎಳೆಯಿರಿ. ತಿರುಚು ಬಿಚ್ಚಿಕೊಂಡು ಸಲೀಸಾಗಿ ಬರುತ್ತದೆ. ಬಾರದಿದ್ದರೆ ಒಂದು ಪಕ್ಕದ ಚಕ್ರಗಳನ್ನು ಮಣ್ಣಿಗಿಳಿಸಿ ಇನ್ನೊಮ್ಮೆ ಮಾಡಿ.

ಟೈರಿನ ವಿಷಯದಲ್ಲಿ ನಮ್ಮವರು ಉಳಿತಾಯ ಮಾಡಲು ಹೋಗಿ ಹೆಚ್ಚು ಕಳೆದುಕೊಳ್ಳುತ್ತಾರೆ. ಹಿಂದಕ್ಕೆ ಹೊಸ ಟೈರು, ಮುಂದಕ್ಕೆ ಸವೆದದ್ದು ಎಂಬ ಲೆಕ್ಕ ಫೋರ್‌ವೀಲ್ ಗಾಡಿಗೆ ಆಗುವುದಿಲ್ಲ. ಸುಮಾರು 72 ಸೆಂಟಿಮೀಟರ್ ವ್ಯಾಸದ ಟೈರಿನಲ್ಲಿ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 20 ಮೀಟರ್ ತಾಳೆ ತಪ್ಪುತ್ತದೆ, ಅದೂ ನೇರ ರಸ್ತೆಯಲ್ಲೇ. ಗಾಳಿಯನ್ನೂ ಚಳಿಗಾಲದಲ್ಲಿ ಬೆಳಗ್ಗೆ ಗಾಡಿ ತೆಗೆಯುವ ಮುನ್ನವೇ ನೋಡಿ. ತಾಪಮಾನ ಐದಾರು ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಇಳಿದಿರುತ್ತದೆ.

ಇನ್ನು ಹಬ್, ಅಂದರೆ ಮುಂಚಕ್ರವನ್ನು ಆಕ್ಸಲಿಗೆ ಜೋಡಿಸುವ, ಬಿಡಿಸುವ ಭಾಗ. ಹೆಚ್ಚಿನ ತೊಂದರೆ ಇಲ್ಲೇ. ಫ್ರೀ ವೀಲ್ ಹಬ್ ಇರುವ ಗಾಡಿಯಲ್ಲಿ ಒಳಗೆ ಲಿವರ್ ಹಾಕಿದ ಮಾತ್ರಕ್ಕೆ ಮುಂದಿನ ಚಕ್ರ ಎಳೆಯುವುದಿಲ್ಲ. ಕೆಳಗಿಳಿದು ಎರಡೂ ಮುಂಚಕ್ರಗಳಲ್ಲಿ, ಚಕ್ರದ ನಟ್ಟನಡುವೆ ಇರುವ ಡಯಲನ್ನು ಫ್ರೀಯಿಂದ ಲಾಕ್‌ಗೆ ಪೂರ್ತಿ ತಿರುಗಿಸಬೇಕು. ಒಂದು ಬದಿ ಲಾಕ್, ಇನ್ನೊಂದು ಬದಿ ಫ್ರೀ ಆಗಿ ಉಳಿದರೆ ಮುಂದಿನ ಆಕ್ಸಲಿನ ಡಿಫರೆನ್ಷಿಯಲ್ ಅಲ್ಲಿಗೆ ಬಂದ ಬಲವನ್ನೆಲ್ಲ ಫ್ರೀ ಇರುವ ಕಡೆಯೇ ತಿರುಗಿಸಿ ಕಳೆಯುತ್ತದೆ. ಫೋರ್‌ವೀಲ್ ಹಾಕಿದ್ದೇವೆ ಎಂದುಕೊಂಡು ಹಿಂದಿನ ಎರಡೇ ಚಕ್ರದಲ್ಲಿ ಕೆಸರಿಗೆ ಇಳಿದಂತಾಗುತ್ತದೆ. ಡಯಲ್ ಕೈಯಲ್ಲೇ ತಿರುಗಬೇಕು. ಅರ್ಧಕ್ಕೆ ನಿಂತರೆ ಕಟಿಂಗ್ ಪ್ಲೇಯರ್ ಹಾಕಿ ತಿರುವಬೇಡಿ, ಗಾಡಿಯನ್ನು ಒಂದಡಿ ಮುಂದೆ ಹಿಂದೆ ಮಾಡಿ; ಹಲ್ಲಿಗೆ ಹಲ್ಲು ಕೂತಾಗ ತಾನೇ ಬೀಳುತ್ತದೆ.

ಹಬ್ ನಿಜಕ್ಕೂ ಹಿಡಿಯುತ್ತದೆಯೇ ಎಂದು ನೋಡಲು ಸಮತಟ್ಟಾದ ಜಾಗದಲ್ಲಿ ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಲಿವರನ್ನು ಟೂ ವೀಲ್‌ನಲ್ಲಿಟ್ಟು, ಒಂದು ಮುಂಚಕ್ರವನ್ನು ಜಾಕಿಯಲ್ಲಿ ಎತ್ತಿ. ಎರಡೂ ಬದಿಯ ಡಯಲ್ ಲಾಕ್‌ನಲ್ಲಿದ್ದಾಗ ಚಕ್ರ ತಿರುಗಿಸಿದರೆ ಮುಂದಿನ ಪ್ರೊಪೆಲರ್ ಶಾಫ್ಟ್ ಜೊತೆಗೆ ತಿರುಗಬೇಕು, ಎತ್ತಿದ ಬದಿಯ ಡಯಲ್ ಫ್ರೀಯಲ್ಲಿದ್ದಾಗ ಸುಮ್ಮನಿರಬೇಕು. ಇನ್ನೊಂದು ಬದಿಗೂ ಹೀಗೆಯೇ. ಹಬ್ ಬಿಚ್ಚಿದಾಗ ಗ್ರೀಸ್ ಬೆಳ್ಳಗೆ ನೊರೆಯಂತಿದ್ದರೆ ಗದ್ದೆಯ ನೀರು ಒಳಗೆ ಹೋಗಿದೆ, ಗ್ಯಾಸ್ಕೆಟ್ ಬದಲಿಸಿ. ಡಯಲಿನ ಒಳಗೆ ಗ್ರೀಸ್ ತುಂಬಿಸುವುದೂ ತಪ್ಪೇ. 15-16 ಡಿಗ್ರಿಯ ಬೆಳಗಿನಲ್ಲಿ ಅದು ಗಟ್ಟಿಯಾಗಿ ಒಳಗಿನ ರಿಂಗನ್ನು ಸರಿಯಗೊಡುವುದಿಲ್ಲ. ಬೇರಿಂಗಿಗೆ ಧಾರಾಳವಾಗಿ ಹಾಕಿ. ಹಬ್ಬಿನ ಹಲ್ಲಿಗೆ ತೆಳುವಾಗಿ ಸವರಿದರೆ ಸಾಕು.

ಎರಡು ಚಿಕ್ಕ ಲಿವರ್ ಇರುವ ಹಳೆಯ ಜೀಪುಗಳಲ್ಲಿ ಮೊದಲು ಮುಂಚಕ್ರದ ಲಿವರ್, ಆಮೇಲೆ ಲೋ (ವೇಗ ಕಡಿಮೆ, ಎಳೆತ ಹೆಚ್ಚು ಇರುವ ಗೇರು). ಮುಂಚಕ್ರ ಸೇರದೆ ಲೋ ಬೀಳದಂತೆ ಒಳಗೇ ತಡೆ ಇಟ್ಟಿದ್ದಾರೆ. ಲೋನಲ್ಲಿ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತದೆ, ಅದನ್ನು ಹಿಂದಿನ ಆಕ್ಸಲ್ ಒಂದೇ ಹೊರಬಾರದು. ತೆಗೆಯುವಾಗ ಲೋ ಮೊದಲು, ಮುಂಚಕ್ರ ಆಮೇಲೆ. ಜಿಪ್ಸಿಯಲ್ಲಿ ಒಂದೇ ಲಿವರ್: 2ಎಚ್ ಎಂದರೆ ಟೂ ವೀಲ್ ಹೈ (ಮಾಮೂಲಿ ವೇಗ), 4ಎಚ್ ಫೋರ್‌ವೀಲ್ ಹೈ, 4ಎಲ್ ಫೋರ್‌ವೀಲ್ ಲೋ, ಎನ್ ನ್ಯೂಟ್ರಲ್. ಹಬ್ ಲಾಕ್ ಆಗಿದ್ದರೆ ನೇರ ದಾರಿಯಲ್ಲಿ ನಿಧಾನವಾಗಿ ಹೋಗುತ್ತಲೇ 2ಎಚ್‌ನಿಂದ 4ಎಚ್‌ಗೆ ಹಾಕಬಹುದು. 4ಎಲ್‌ಗೆ ಮಾತ್ರ ಗಾಡಿ ಪೂರ್ತಿ ನಿಲ್ಲಬೇಕು, ಕ್ಲಚ್ ತಳಮುಟ್ಟಬೇಕು. ನಡುವೆ ಬರುವ ಎನ್‌ನಲ್ಲಿ ಲಿವರ್ ನಿಂತರೆ ಗಾಡಿ ಗೇರಿನಲ್ಲಿದ್ದರೂ ಉರುಳುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತಡೆಗೋಡೆ ಇಲ್ಲದ ಏರಿ ಮೇಲೆ ಇದು ಜೀವದ ಪ್ರಶ್ನೆ. ಹ್ಯಾಂಡ್‌ಬ್ರೇಕ್ ಹಾಕದೆ ಲಿವರನ್ನು 4ಎಲ್ ಕಡೆ ಸರಿಸಬೇಡಿ.

ಆ ಏರಿಯ ಮಣ್ಣು ಮಾಗಿಯ ಬೆಳಗಿನಲ್ಲಿ ಮೋಸಗಾರ. ಕೆಳಗೆಲ್ಲ ಗಟ್ಟಿ, ಮೇಲಿನ ಅರ್ಧ ಇಂಚು ಮಾತ್ರ ಇಬ್ಬನಿಗೆ ನೆನೆದು ಜಾರುತ್ತದೆ. ಇಂಥಲ್ಲಿ ಲೋ ಹಾಕಿದರೆ ಬಲ ಹೆಚ್ಚಾಗಿ ಚಕ್ರ ಸುಮ್ಮನೆ ಸುತ್ತುತ್ತದೆ, ಸುತ್ತುವ ಚಕ್ರಕ್ಕೆ ಅಡ್ಡ ಹಿಡಿತವೂ ಇರುವುದಿಲ್ಲ, ಗಾಡಿ ಇಳಿಜಾರಿನ ಕಡೆ ಸರಿಯುತ್ತದೆ. ಡಾಂಬರು ಬಿಟ್ಟು ಇಳಿಯುವ ಮುನ್ನವೇ ಹಬ್ ಲಾಕ್ ಮಾಡಿ, ಫೋರ್‌ವೀಲ್ ಹೈನಲ್ಲಿ ಎರಡನೇ ಗೇರ್ ಹಾಕಿ, ಆಕ್ಸಿಲರೇಟರ್ ಒಂದೇ ಸಮ ಇಟ್ಟು ಸಾಗಿ. ಆಳದ ಕೆಸರು, ಕಡಿದಾದ ಮಣ್ಣಿನ ಇಳಿಜಾರು, ಹೂತ ಟ್ರೇಲರ್ ಎಳೆಯುವುದು, ಇವಕ್ಕೆ ಲೋ. ಹಿಂದಿನ ಆಕ್ಸಲಿನ ಹೌಸಿಂಗ್ (ಹೊರಕವಚ) ಮಣ್ಣಿಗೆ ಕೂತ ಮೇಲೆ ಫೋರ್‌ವೀಲ್ ಹಾಕಿ ಒತ್ತಿದರೆ ಇನ್ನಷ್ಟು ಹೂಳುವುದಷ್ಟೇ. ಮೊದಲು ಗುದ್ದಲಿ ತೆಗೆದುಕೊಂಡು ಹೌಸಿಂಗ್ ಕೆಳಗಿನ ಮಣ್ಣು ಬಿಡಿಸಿ, ಟೈರಿನ ಮುಂದೆ ಕಬ್ಬಿನ ತರಗು ಹಾಸಿ, ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ. ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಲು ಮರೆಯಬೇಡಿ.

ಬೆಳಗ್ಗೆ ಲಿವರ್ ಬಿಗಿ ಎನ್ನುವವರು ಮೊದಲು ಗೇರ್ ಆಯಿಲ್ ನೋಡಿಸಿ. ಸವೆದ ಗೇರಿನ ಸದ್ದು ಅಡಗಿಸಲು 140 ಗ್ರೇಡ್ ಹಾಕುವ ಅಭ್ಯಾಸವಿದೆ, ಚಳಿಯಲ್ಲಿ ಅದು ಗಟ್ಟಿಯಾಗಿ ಗೇರು ತಡೆಯುತ್ತದೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ, ಫಿಲ್ಲರ್ ತೂತಿನ ಕೆಳಅಂಚಿನ ತನಕ ಹಾಕಿಸಿ. ಹಾಲು ಬೆರೆಸಿದ ಟೀಯ ಬಣ್ಣಕ್ಕೆ ಆಕ್ಸಲಿನ ಆಯಿಲ್ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಸಾಮಾನ್ಯವಾಗಿ ಇದಕ್ಕೆ ಕಾರಣ ಆಕ್ಸಲ್ ಮೇಲಿನ ಬ್ರೀದರ್ (ಗಾಳಿಯಾಡುವ ತೂತು) ಮಣ್ಣು ಕಟ್ಟಿರುವುದು. ಬಿಸಿಯಾದ ಹೌಸಿಂಗ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಸೀಲ್ ಎಷ್ಟು ಸಲ ಬದಲಿಸಿದರೂ ಬ್ರೀದರ್ ಬಿಡಿಸದೆ ಇದು ನಿಲ್ಲದು.

ರಜೆಗೆ ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವವರಿಗೂ ಒಂದು ಮಾತು. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ನಸುಕಿನ ಹೊತ್ತು ನೆಲ ಹಿಮಗಟ್ಟುತ್ತದೆ. ಜಾರುವ ಏರಿನಲ್ಲಿ ಹೊರಡಲು ಫೋರ್‌ವೀಲ್ ನೆರವಾಗುತ್ತದೆ, ನಿಲ್ಲಿಸಲು ನೆರವಾಗುವುದಿಲ್ಲ. ಬ್ರೇಕಿಗೆ ಬೇಕಾದ ದೂರ ಕಡಿಮೆಯಾಗದು. ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ, ರಸ್ತೆ ಒಣಗಿರುವಾಗ, ಲೋ ಹಾಕಿದರೆ ಶಾಫ್ಟಿನ ಕ್ರಾಸ್ (ಕೀಲು) ಮುರಿಯುವ ಸಂಭವವೇ ಹೆಚ್ಚು. ಅಲ್ಲಿ ಟೂ ವೀಲ್‌ನಲ್ಲೇ ಒಂದನೇ, ಎರಡನೇ ಗೇರಿನ ಎಂಜಿನ್ ಹಿಡಿತ ಸಾಕು.

ಕೊನೆಯದು ರಸ್ತೆ ಮೇಲಿನ ಒಕ್ಕಣೆ. ರಾಗಿ, ಹುರುಳಿ ಹರಡಿದ ಡಾಂಬರು ಜಾರುತ್ತದೆಂದು ಅಲ್ಲಿಯೂ ಹಬ್ ಲಾಕ್ ಮಾಡುವವರಿದ್ದಾರೆ. ಲಾಕ್ ಆಗಿದ್ದರೆ ಲಿವರ್ ಟೂ ವೀಲ್‌ನಲ್ಲಿದ್ದರೂ ಮುಂದಿನ ಶಾಫ್ಟು ತಿರುಗುತ್ತಲೇ ಇರುತ್ತದೆ, ಹುರುಳಿ ಬಳ್ಳಿ ಅದಕ್ಕೂ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ. ಹಬ್ ಫ್ರೀ ಮಾಡಿ, ನಿಧಾನಕ್ಕೆ ದಾಟಿ, ಮುಂದೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಕೆಳಗೆ ಬಗ್ಗಿ ನೋಡಿ. ಸುತ್ತಿಕೊಂಡ ಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದು ತೆಗೆಯಿರಿ. ಎಳೆದರೆ ಆಯಿಲ್ ಸೀಲಿನ ತುಟಿ ಹರಿಯುತ್ತದೆ.

– ಜೀಪ್ ಮೆಕ್ಯಾನಿಕ್, ಮಂಡ್ಯ